ಪಕ್ಕದ ಮನೆಗೂ ಕರೆಂಟ್ ಬೇಕು: ಉತ್ತರ ಯುರೋಪಿನ ಎಂಟು ದೇಶಗಳ ಒಗ್ಗಟ್ಟಿನ ಲೆಕ್ಕಾಚಾರ

2025ರ ಫೆಬ್ರವರಿ 8ರ ಬೆಳಿಗ್ಗೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಮೂರು ಪುಟ್ಟ ದೇಶಗಳು ರಷ್ಯಾದ ವಿದ್ಯುತ್ ಜಾಲದಿಂದ ತಮ್ಮ ತಂತಿಗಳನ್ನು ಕಳಚಿಕೊಂಡವು. ಒಂದು ದಿನದ ಮಟ್ಟಿಗೆ ಯಾವ ದೊಡ್ಡ ಜಾಲದ ಲಯಕ್ಕೂ ಸೇರದೆ ತಮ್ಮ ಕಾಲ ಮೇಲೆ ತಾವೇ ನಿಂತವು. ಮರುದಿನ ಪೋಲೆಂಡ್ ಮೂಲಕ ಯುರೋಪಿನ ಜಾಲಕ್ಕೆ ಸೇರಿಕೊಂಡವು. ದೀಪಗಳು ಆರಲಿಲ್ಲ. ಆಸ್ಪತ್ರೆ, ಕಾರ್ಖಾನೆ ಯಾವುದೂ ನಿಲ್ಲಲಿಲ್ಲ.

ಏನೂ ಆಗದೇ ಇದ್ದಿದ್ದೇ ಸುದ್ದಿ. ಹಾಗಾಗಿ ನಮ್ಮ ಟಿವಿ ಚಾನೆಲ್‌ಗಳಲ್ಲಿ ಇದಕ್ಕೆ ಜಾಗ ಸಿಗೋದು ಕಷ್ಟ. ಆದರೆ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಉತ್ತರದ ಮೂಲೆಯಲ್ಲಿ ನಡೆದ ಅತಿ ದೊಡ್ಡ ರಾಜಕೀಯ ಘಟನೆಗಳಲ್ಲಿ ಇದೂ ಒಂದು ಅಂತ ನಾನು ಭಾವಿಸುತ್ತೇನೆ. ಯಾಕೆ ಅನ್ನೋದನ್ನು ವಿವರಿಸಲು ಈ ಬರಹ.

ನನ್ನ ವಾದ ಇಷ್ಟೇ. ನೆರೆಹೊರೆಯ ದೇಶಗಳ ಸಹಕಾರ ನಿಲ್ಲೋದು ತಂತಿ, ಪೈಪು, ದಾಸ್ತಾನು, ಸಾಲ ಇಂಥ ನೀರಸ ಸಂಗತಿಗಳ ಮೇಲೆ. ಇವಕ್ಕೆಲ್ಲ ಬೆಲೆ ಇದೆ. ಆ ಬೆಲೆಯನ್ನು ಯಾರು ಕಟ್ಟಬೇಕು ಎಂಬ ಪ್ರಶ್ನೆ ಬಂದಾಗಲೇ ಸ್ನೇಹದ ನಿಜವಾದ ಪರೀಕ್ಷೆ ನಡೆಯೋದು. ಉತ್ತರದ ಎಂಟು ದೇಶಗಳು ಈ ಪರೀಕ್ಷೆಯಲ್ಲಿ ಕೆಲವು ಸಲ ಪಾಸಾಗಿವೆ, ಕೆಲವು ಸಲ ಫೇಲಾಗಿವೆ.

ಯಾರು ಈ ಎಂಟು ಮಂದಿ?

ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲ್ಯಾಂಡ್, ನಾರ್ವೆ, ಸ್ವೀಡನ್ ಐದು ನಾರ್ಡಿಕ್ ದೇಶಗಳು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರು ಬಾಲ್ಟಿಕ್ ದೇಶಗಳು. ಸೋವಿಯತ್ ಒಕ್ಕೂಟ ಒಡೆದ ಮರುವರ್ಷ, 1992ರಿಂದಲೇ ಇವು ಒಟ್ಟಿಗೆ ಕೂತು ಮಾತಾಡುತ್ತಿವೆ. ಈ ಕೂಟಕ್ಕೆ 'ನಾರ್ಡಿಕ್-ಬಾಲ್ಟಿಕ್ ಎಂಟು' ಅಂತಲೇ ಹೆಸರು. ಎಂಟೂ ದೇಶಗಳ ಜನಸಂಖ್ಯೆ ಸೇರಿಸಿದರೂ ಮೂರೂವರೆ ಕೋಟಿ ದಾಟೋದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕ ಒಂದರದ್ದೇ ಆರು ಕೋಟಿಗೂ ಹೆಚ್ಚಿತ್ತು.

ದೂರದಿಂದ ನೋಡಿದರೆ ಇವೆಲ್ಲ ಒಂದೇ ಥರದ ಶ್ರೀಮಂತ, ತಣ್ಣನೆಯ ದೇಶಗಳು ಅನ್ನಿಸುತ್ತೆ. ಹತ್ತಿರ ಹೋದರೆ ಬೇರೆಯೇ ಚಿತ್ರ. ನಾರ್ವೆ ಮತ್ತು ಐಸ್‌ಲ್ಯಾಂಡ್ ಇವತ್ತಿಗೂ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ನಾರ್ವೆಯ ಜನ 1972ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ಜನಮತಗಣನೆಯಲ್ಲಿ 'ಬೇಡ' ಅಂದರು. ಯೂರೋ ಹಣ ಬಳಸೋದು ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಮಾತ್ರ. ಸೇನಾ ವಿಷಯದಲ್ಲಂತೂ ದಶಕಗಳ ಕಾಲ ಇವರ ದಾರಿ ಬೇರೆಬೇರೆ. 1948-49ರಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಸೇರಿ ತಮ್ಮದೇ ರಕ್ಷಣಾ ಒಕ್ಕೂಟ ಕಟ್ಟಲು ಮಾತುಕತೆ ನಡೆಸಿದವು. ಅದು ಮುರಿದುಬಿತ್ತು. ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್ 1949ರಲ್ಲಿ ನ್ಯಾಟೋ ಸೇರಿದವು. ಸ್ವೀಡನ್ ಯಾವ ಬಣಕ್ಕೂ ಸೇರದೆ ಉಳಿಯಿತು. ಫಿನ್ಲೆಂಡ್ ಸೋವಿಯತ್ ಒಕ್ಕೂಟದ ಜೊತೆ 1948ರಲ್ಲಿ ಮಾಡಿಕೊಂಡ ಒಪ್ಪಂದದ ನೆರಳಲ್ಲೇ ಬದುಕಿತು.

ಹಾಗಂತ ಇವರು ಕೈಕಟ್ಟಿ ಕೂರಲಿಲ್ಲ. ಸೇನೆಯ ವಿಷಯದಲ್ಲಿ ಒಪ್ಪಿಗೆ ಆಗದಿದ್ದರೆ ಬೇಡ, ಉಳಿದದ್ದನ್ನು ಮಾಡೋಣ ಅಂದರು. 1952ರಲ್ಲಿ ನಾರ್ಡಿಕ್ ಕೌನ್ಸಿಲ್ ಶುರುವಾಯಿತು. ಐವತ್ತರ ದಶಕದಲ್ಲೇ ಪಾಸ್‌ಪೋರ್ಟ್ ಇಲ್ಲದೆ ಓಡಾಡುವ, ಪರ್ಮಿಟ್ ಇಲ್ಲದೆ ಪಕ್ಕದ ದೇಶದಲ್ಲಿ ಕೆಲಸ ಮಾಡುವ ಹಕ್ಕು ಬಂತು. ಐವರೂ ಸೇರಿ ನಾರ್ಡಿಕ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಕಟ್ಟಿದರು, 2005ರಲ್ಲಿ ಬಾಲ್ಟಿಕ್ ದೇಶಗಳನ್ನೂ ಅದರ ಪಾಲುದಾರರನ್ನಾಗಿ ಮಾಡಿಕೊಂಡರು. ದೊಡ್ಡ ಒಪ್ಪಂದ ಆಗೋವರೆಗೂ ಸಣ್ಣ ಕೆಲಸ ನಿಲ್ಲಿಸಬಾರದು ಅನ್ನೋದು ಇವರ ಮೊದಲ ಪಾಠ.

ತೇರಿನ ಹಗ್ಗ ಯಾರ ಕೈಯಲ್ಲಿ?

ಈಗ ಕರೆಂಟಿಗೆ ಮರಳೋಣ. ವಿದ್ಯುತ್ ಜಾಲ ಅಂದರೆ ತೇರು ಎಳೆದ ಹಾಗೆ. ಹಗ್ಗ ಹಿಡಿದವರೆಲ್ಲ ಒಂದೇ ಲಯದಲ್ಲಿ ಎಳೆಯಬೇಕು. ಜಾಲದಲ್ಲಿರುವ ಎಲ್ಲ ಜನರೇಟರ್‌ಗಳೂ ಸೆಕೆಂಡಿಗೆ 50 ಆವರ್ತನದ ಲಯದಲ್ಲಿ ತಿರುಗಬೇಕು. ಲಯ ತಪ್ಪಿದರೆ ಜಾಲ ಕುಸಿಯುತ್ತೆ.

ಬಾಲ್ಟಿಕ್ ದೇಶಗಳು 1991ರಲ್ಲಿ ಸ್ವತಂತ್ರವಾದವು. 2004ರಲ್ಲಿ ನ್ಯಾಟೋ ಮತ್ತು ಯುರೋಪಿಯನ್ ಒಕ್ಕೂಟ ಎರಡಕ್ಕೂ ಸೇರಿದವು. ಆದರೆ ಜಾಲ ಮಾತ್ರ ಸೋವಿಯತ್ ಕಾಲದ್ದೇ. ಲಯ ಕಾಯುವ ನಿಯಂತ್ರಣ ಕೇಂದ್ರ ಇದ್ದದ್ದು ಮಾಸ್ಕೋದಲ್ಲಿ. 2022ರಿಂದ ಇವರು ರಷ್ಯಾದಿಂದ ಕರೆಂಟ್ ಕೊಳ್ಳೋದನ್ನು ನಿಲ್ಲಿಸಿದ್ದರೂ ತೇರಿನ ಹಗ್ಗ ಅಲ್ಲೇ ಇತ್ತು. ಧ್ವಜ ನಮ್ಮದು, ಸಂಸತ್ತು ನಮ್ಮದು, ಆದರೆ ಮೇನ್ ಸ್ವಿಚ್ ಹತ್ತಿರ ನಿಂತವನು ಪಕ್ಕದ ಊರಿನ ಗೌಡ. ಹಾಗಿತ್ತು ಪರಿಸ್ಥಿತಿ.

ಅದನ್ನು ಬಿಡಿಸಿಕೊಳ್ಳೋಕೆ ವರ್ಷಗಟ್ಟಲೆ ಹಿಡಿಯಿತು. ಹೊಸ ಲೈನ್‌ಗಳು ಬೇಕಾದವು, ಲಯ ಹಿಡಿದಿಡುವ ಭಾರಿ ಯಂತ್ರಗಳು ಬೇಕಾದವು. ಖರ್ಚಿನ ಬಹುಪಾಲನ್ನು ಯುರೋಪಿಯನ್ ಒಕ್ಕೂಟ ಕೊಟ್ಟಿತು. ಮೂವರ ಒಳಗೇ ಜಗಳವೂ ಆಯಿತು. ಲಿಥುವೇನಿಯಾ 'ಬೇಗ ಕಳಚೋಣ' ಅಂದರೆ ಎಸ್ಟೋನಿಯಾ 'ತಯಾರಿ ಸಾಲದು, ಕತ್ತಲಾದರೆ ಗತಿಯೇನು' ಅಂತ ತಡೆಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಮೂವರೂ ಒಂದು ದಿನಾಂಕಕ್ಕೆ ಒಪ್ಪಿಕೊಂಡರು.

ಇಲ್ಲಿ ನೆರೆಯವರ ಪಾತ್ರ ಏನು? ತಂತಿ ಕಳಚುವ ಎಷ್ಟೋ ವರ್ಷ ಮೊದಲೇ ಫಿನ್ಲೆಂಡ್‌ನಿಂದ ಎಸ್ಟೋನಿಯಾಕ್ಕೆ ಎರಡು, ಸ್ವೀಡನ್‌ನಿಂದ ಲಿಥುವೇನಿಯಾಕ್ಕೆ ಒಂದು ಕೇಬಲ್ ಸಮುದ್ರದಡಿ ಹಾದುಹೋಗಿದ್ದವು. ನಾರ್ವೆ ಮತ್ತು ಸ್ವೀಡನ್ 1996ರಲ್ಲಿ ಶುರು ಮಾಡಿದ್ದ ಜಂಟಿ ವಿದ್ಯುತ್ ಮಾರುಕಟ್ಟೆಗೆ ಮೊದಲು ಫಿನ್ಲೆಂಡ್, ಡೆನ್ಮಾರ್ಕ್, ಆಮೇಲೆ ಒಂದೊಂದಾಗಿ ಮೂರು ಬಾಲ್ಟಿಕ್ ದೇಶಗಳೂ ಸೇರಿದ್ದವು. ನಾರ್ವೆಯ ಜಲವಿದ್ಯುತ್, ಡೆನ್ಮಾರ್ಕ್‌ನ ಗಾಳಿ, ಸ್ವೀಡನ್ ಮತ್ತು ಫಿನ್ಲೆಂಡ್‌ನ ಅಣುವಿದ್ಯುತ್ ಎಲ್ಲ ಒಂದೇ ಸಂತೆಯಲ್ಲಿ. ಒಬ್ಬರ ಗಾಳಿ ನಿಂತರೆ ಇನ್ನೊಬ್ಬರ ಅಣೆಕಟ್ಟು.

ಗ್ಯಾಸ್ ವಿಷಯದಲ್ಲೂ ಹೀಗೇ. ಲಿಥುವೇನಿಯಾ ಒಂದು ಕಾಲದಲ್ಲಿ ರಷ್ಯಾದ ಗಾಜ್‌ಪ್ರಾಮ್ ಒಂದನ್ನೇ ನೆಚ್ಚಿಕೊಂಡು ಯುರೋಪಿನಲ್ಲೇ ಅತಿ ದುಬಾರಿ ಬೆಲೆಗಳಲ್ಲೊಂದನ್ನು ತೆರುತ್ತಿತ್ತು. 2014ರಲ್ಲಿ ಅದು ನಾರ್ವೆಯ ಕಂಪನಿಯೊಂದರಿಂದ ತೇಲುವ ಅನಿಲ ಟರ್ಮಿನಲ್ ಹಡಗನ್ನು ಬಾಡಿಗೆಗೆ ತಂದು ಕ್ಲೈಪೆಡಾ ಬಂದರಲ್ಲಿ ನಿಲ್ಲಿಸಿತು. ಹಡಗಿನ ಹೆಸರೇ 'ಇಂಡಿಪೆಂಡೆನ್ಸ್'. ಹಡಗು ಬರುವ ಮುಂಚೆಯೇ ಗಾಜ್‌ಪ್ರಾಮ್ ಬೆಲೆ ಇಳಿಸಿತು! ಎದುರಿಗೆ ಇನ್ನೊಂದು ಅಂಗಡಿ ತೆರೆಯುತ್ತೆ ಅಂತ ಗೊತ್ತಾದರೆ ಸಾಕು, ವ್ಯಾಪಾರಿಯ ದನಿ ಮೆತ್ತಗಾಗುತ್ತೆ. ಆದರೆ ಆ ಹಡಗು ಪುಕ್ಕಟೆ ಬರಲಿಲ್ಲ. ಬಾಡಿಗೆಯ ಹೊರೆ ಗ್ಯಾಸ್ ಬಳಸುವವರ ಬಿಲ್ಲಿನ ಮೇಲೆ ಬಿತ್ತು, ವರ್ಷಗಳ ಕಾಲ 'ಇದು ಬೇಕಿತ್ತಾ' ಎಂಬ ಗೊಣಗಾಟ ಇತ್ತು. 2022ರಲ್ಲಿ ಗೊಣಗಾಟ ನಿಂತಿತು. ಆ ವರ್ಷದ ಏಪ್ರಿಲ್‌ನಲ್ಲಿ ಲಿಥುವೇನಿಯಾ ರಷ್ಯಾದ ಗ್ಯಾಸ್ ಕೊಳ್ಳೋದನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ, ರೂಬಲ್‌ನಲ್ಲಿ ಹಣ ಕಟ್ಟಲ್ಲ ಅಂದ ಫಿನ್ಲೆಂಡ್‌ಗೆ ರಷ್ಯಾ ಗ್ಯಾಸ್ ಬಂದ್ ಮಾಡಿದಾಗ, ಎಸ್ಟೋನಿಯಾದಿಂದ ಹೋಗುವ ಪೈಪ್‌ಲೈನ್ ಅದರ ಕೈಹಿಡಿಯಿತು. ಶ್ರೀಮಂತ ನೆರೆಯವನಿಗೆ ಬಡ ನೆರೆಯವರ ದಾರಿಯೇ ಆಸರೆಯಾಯಿತು. ಆಮೇಲೆ ಫಿನ್ಲೆಂಡ್ ಮತ್ತು ಎಸ್ಟೋನಿಯಾ ಒಟ್ಟಾಗಿ ಇನ್ನೊಂದು ಅಂಥದ್ದೇ ಹಡಗಿನ ವ್ಯವಸ್ಥೆ ಮಾಡಿಕೊಂಡವು.

ಕಡಲ ತಳದ ಕಗ್ಗಂಟು

ತಂತಿ ಕಟ್ಟಿದರೆ ತಂತಿಯೇ ಗುರಿಯಾಗುತ್ತೆ. ಬಾಲ್ಟಿಕ್ ಸಮುದ್ರ ಆಳವಿಲ್ಲದ, ಹಡಗುಗಳಿಂದ ಗಿಜಿಗುಡುವ ಕಡಲು. 2023ರ ಅಕ್ಟೋಬರ್‌ನಲ್ಲಿ ಫಿನ್ಲೆಂಡ್-ಎಸ್ಟೋನಿಯಾ ಅನಿಲ ಪೈಪ್‌ಲೈನ್ ಒಡೆಯಿತು. 2024ರ ನವೆಂಬರ್‌ನಲ್ಲಿ ಫಿನ್ಲೆಂಡ್-ಜರ್ಮನಿ ಮತ್ತು ಸ್ವೀಡನ್-ಲಿಥುವೇನಿಯಾ ನಡುವಿನ ಇಂಟರ್‌ನೆಟ್ ಕೇಬಲ್‌ಗಳು ಕಡಿದುಹೋದವು. ಅದೇ ವರ್ಷ ಕ್ರಿಸ್‌ಮಸ್ ದಿನ ಫಿನ್ಲೆಂಡ್-ಎಸ್ಟೋನಿಯಾ ನಡುವಿನ ಎರಡನೇ ವಿದ್ಯುತ್ ಕೇಬಲ್, 650 ಮೆಗಾವ್ಯಾಟ್ ಸಾಮರ್ಥ್ಯದ ಎಸ್ಟ್‌ಲಿಂಕ್-2 ತುಂಡಾಯಿತು.

ದಿನಾಂಕ ಗಮನಿಸಿ. ರಷ್ಯಾದ ಜಾಲದಿಂದ ಕಳಚಿಕೊಳ್ಳಲು ಆರೇ ವಾರ ಬಾಕಿ ಇತ್ತು. ಅಂಥ ಹೊತ್ತಲ್ಲಿ ಅತಿ ದೊಡ್ಡ ಆಸರೆಗಳಲ್ಲೊಂದು ಕೈಕೊಟ್ಟಿತು. ಆದರೂ ಮೂರು ದೇಶಗಳು ದಿನಾಂಕ ಮುಂದೂಡಲಿಲ್ಲ. ಒಂದು ತಂತಿ ಹೋದರೆ ಇನ್ನೆರಡು ಇದ್ದವಲ್ಲ. ಇಂಗ್ಲಿಷಿನವರು 'ರೆಸಿಲಿಯೆನ್ಸ್' ಅನ್ನುವ, ನಾವು 'ತಾಳಿಕೆ' ಅನ್ನಬಹುದಾದ ಗುಣ ಇದೇ. ಏಟು ಬೀಳದ ಹಾಗೆ ನೋಡಿಕೊಳ್ಳೋದು ಎಷ್ಟು ಮುಖ್ಯವೋ, ಬಿದ್ದ ಮೇಲೂ ಕೆಲಸ ನಡೆಯೋ ಹಾಗೆ ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳೋದೂ ಅಷ್ಟೇ ಮುಖ್ಯ.

ಕೇಬಲ್ ಕತ್ತರಿಸಿದ ಅನುಮಾನದ ಮೇಲೆ ಫಿನ್ಲೆಂಡ್ ಮರುದಿನವೇ 'ಈಗಲ್ ಎಸ್' ಎಂಬ ತೈಲ ಟ್ಯಾಂಕರನ್ನು ತಡೆಹಿಡಿಯಿತು. ಲಂಗರನ್ನು ಹತ್ತಾರು ಕಿಲೋಮೀಟರ್ ಸಮುದ್ರದ ತಳದಲ್ಲಿ ಎಳೆದುಕೊಂಡು ಹೋಗಿದೆ ಅನ್ನೋದು ತನಿಖೆಯ ಮಾತು. ಹಡಗಿಗೆ ಕುಕ್ ದ್ವೀಪಗಳ ಬಾವುಟ, ಸಿಬ್ಬಂದಿ ಜಾರ್ಜಿಯಾ ಮತ್ತು ಭಾರತದವರು. ನಿರ್ಬಂಧಗಳ ಕಣ್ಣು ತಪ್ಪಿಸಿ ರಷ್ಯಾದ ತೈಲ ಸಾಗಿಸುವ ಹಳೇ ಹಡಗುಗಳ 'ನೆರಳು ಪಡೆ'ಗೆ ಸೇರಿದ್ದು ಅಂತ ಫಿನ್ಲೆಂಡ್ ಹೇಳಿತು. ಸಿಬ್ಬಂದಿ ಆರೋಪ ನಿರಾಕರಿಸಿದರು. 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿ ಜಿಲ್ಲಾ ನ್ಯಾಯಾಲಯ, ಘಟನೆ ನಡೆದದ್ದು ಫಿನ್ಲೆಂಡ್‌ನ ಜಲಗಡಿಯ ಆಚೆ, ವಿಚಾರಣೆ ನಡೆಸುವ ಅಧಿಕಾರ ನಮಗಿಲ್ಲ ಅಂತ ಪ್ರಕರಣವನ್ನು ಕೈಬಿಟ್ಟಿತು. ಬೇಕಂತಲೇ ಮಾಡಿದ್ದೋ, ಅಪಘಾತವೋ ಎಂಬುದು ಇತ್ಯರ್ಥವಾಗಲೇ ಇಲ್ಲ.

ಸಮುದ್ರ ಕಾನೂನಿನ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿ ಆಚೆ ಹಡಗಿನ ಮೇಲೆ ಮುಖ್ಯ ಅಧಿಕಾರ ಇರೋದು ಬಾವುಟ ಕೊಟ್ಟ ದೇಶಕ್ಕೆ. ಅಷ್ಟು ದೂರದ ಕುಕ್ ದ್ವೀಪಗಳಿಗೆ ಬಾಲ್ಟಿಕ್ ಕಡಲಿನ ಕೇಬಲ್ ಬಗ್ಗೆ ಏನು ಚಿಂತೆ? ನ್ಯಾಟೋ 2025ರ ಜನವರಿಯಲ್ಲಿ 'ಬಾಲ್ಟಿಕ್ ಸೆಂಟ್ರಿ' ಎಂಬ ಕಾವಲು ಶುರು ಮಾಡಿತು. ಯುದ್ಧನೌಕೆ, ವಿಮಾನ, ಡ್ರೋನ್ ಬಂದವು. ಆದರೆ ಕಾನೂನಿನ ಈ ತೂತನ್ನು ಯುದ್ಧನೌಕೆ ಮುಚ್ಚಲಾರದು.

ನಮಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವಂತಿಲ್ಲ. 2022ರ ನಂತರ ಭಾರತ ರಷ್ಯಾದ ತೈಲದ ದೊಡ್ಡ ಗಿರಾಕಿ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಅದನ್ನು ಕೊಂಡಿದೆ. ಆ ತೈಲದ ದೊಡ್ಡ ಪಾಲು ಹಡಗೇರೋದು ಬಾಲ್ಟಿಕ್ ತೀರದ ಪ್ರಿಮೋರ್ಸ್ಕ್, ಉಸ್ತ್-ಲುಗಾ ಬಂದರುಗಳಲ್ಲಿ. ಫಿನ್ಲೆಂಡ್, ಎಸ್ಟೋನಿಯಾ ಮಧ್ಯೆ ಹಾದು, ಡೆನ್ಮಾರ್ಕ್‌ನ ಜಲಸಂಧಿ ದಾಟಿಯೇ ಅದು ಹೊರಬರಬೇಕು. ಅಗ್ಗದ ತೈಲ ಕೊಳ್ಳೋದು ಸರಿಯೇ ತಪ್ಪೇ ಅನ್ನೋದು ಬೇರೆ ಚರ್ಚೆ. ಆದರೆ ಆ ಕಡಲಿನ ಜಗಳದಲ್ಲಿ ನಾವು ಬರೀ ಪ್ರೇಕ್ಷಕರಲ್ಲ, ಹಡಗಿನಲ್ಲಿ ದುಡಿಯುವ ನಮ್ಮ ಹುಡುಗರಂತೂ ಅಲ್ಲವೇ ಅಲ್ಲ.

ಸೇನೆಯ ಮಾತು

2022ರ ತನಕ ಫಿನ್ಲೆಂಡ್, ಸ್ವೀಡನ್ ನ್ಯಾಟೋಗೆ ಹತ್ತಿರ ಇದ್ದವು, ಒಳಗೆ ಇರಲಿಲ್ಲ. ಉಕ್ರೇನ್ ಮೇಲಿನ ದಾಳಿ ಅದನ್ನು ತಿರುಗಿಸಿತು. 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್, 2024ರ ಮಾರ್ಚ್‌ನಲ್ಲಿ ಸ್ವೀಡನ್ ನ್ಯಾಟೋ ಸೇರಿದವು. ಫಿನ್ಲೆಂಡ್‌ಗೆ ರಷ್ಯಾದ ಜೊತೆ ಸುಮಾರು 1,340 ಕಿಲೋಮೀಟರ್ ಗಡಿ ಇದೆ.

ಇದರ ಲಾಭ ಹೆಚ್ಚು ಆದದ್ದು ಬಾಲ್ಟಿಕ್ ದೇಶಗಳಿಗೆ. ಮೊದಲು ಅವರಿಗೆ ನೆಲದ ಮೇಲೆ ನೆರವು ಬರಲು ಇದ್ದದ್ದು ಪೋಲೆಂಡ್-ಲಿಥುವೇನಿಯಾ ನಡುವಿನ ಒಂದು ಕಿರಿದಾದ ಪಟ್ಟಿ. ಅದರ ಒಂದು ಬದಿಗೆ ರಷ್ಯಾದ ಕಲಿನಿನ್‌ಗ್ರಾದ್, ಇನ್ನೊಂದು ಬದಿಗೆ ಬೆಲಾರುಸ್. ಈಗ ಎದುರು ದಡದ ಸ್ವೀಡನ್, ಫಿನ್ಲೆಂಡ್ ಎರಡೂ ಅದೇ ಮೈತ್ರಿಕೂಟದಲ್ಲಿವೆ. 2023ರ ಮಾರ್ಚ್‌ನಲ್ಲಿ ನಾಲ್ಕು ನಾರ್ಡಿಕ್ ದೇಶಗಳ ವಾಯುಪಡೆ ಮುಖ್ಯಸ್ಥರು, ತಮ್ಮ ವಿಮಾನಪಡೆಗಳು ಒಂದೇ ಪಡೆಯಂತೆ ಕೆಲಸ ಮಾಡುವ ದಾರಿ ಹುಡುಕುವ ಒಪ್ಪಂದಕ್ಕೆ ಸಹಿ ಹಾಕಿದರು. 1949ರಲ್ಲಿ ಮುರಿದುಬಿದ್ದ ಮಾತುಕತೆ ಮುಕ್ಕಾಲು ಶತಮಾನದ ನಂತರ ಬೇರೆ ರೂಪದಲ್ಲಿ ಮುಂದುವರಿದಂತೆ.

ಅಪಾಯ ಪೂರ್ವದಿಂದ ಮಾತ್ರ ಬರಬೇಕೆಂದಿಲ್ಲ ಅನ್ನೋದೂ 2025ರಲ್ಲಿ ಗೊತ್ತಾಯಿತು. ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ ಗ್ರೀನ್‌ಲ್ಯಾಂಡ್ ತನಗೆ ಬೇಕು ಅಂತ ಅಮೆರಿಕದ ಅಧ್ಯಕ್ಷ ಟ್ರಂಪ್ ಪಟ್ಟು ಹಿಡಿದರು. ಡೆನ್ಮಾರ್ಕ್ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಆ ಜನವರಿಯಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ನಾಯಕರನ್ನು ಮನೆಗೆ ಊಟಕ್ಕೆ ಕರೆದು ಫೋಟೋ ಹಂಚಿಕೊಂಡರು. ಕಷ್ಟ ಬಂದಾಗ ಮೊದಲು ಕರೆಯೋದು ಪಕ್ಕದ ಮನೆಯವರನ್ನೇ ತಾನೆ.

ಫೇಲಾದ ಪರೀಕ್ಷೆ

ಇಷ್ಟು ಓದಿ ಇವರೆಲ್ಲ ದೇವತಾಮನುಷ್ಯರು ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಐದು ನಾರ್ಡಿಕ್ ಪ್ರಧಾನಿಗಳು, 2030ರೊಳಗೆ ನಮ್ಮದು ಜಗತ್ತಿನಲ್ಲೇ ಅತ್ಯಂತ ಬೆಸೆದುಕೊಂಡ ಪ್ರದೇಶ ಆಗಬೇಕು ಅಂತ ಘೋಷಿಸಿದರು. ಏಳೇ ತಿಂಗಳಲ್ಲಿ ಕೊರೋನಾ ಬಂತು. ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್ ಪಟಪಟನೆ ಗಡಿ ಮುಚ್ಚಿದವು. ಲಾಕ್‌ಡೌನ್ ಮಾಡದ ಸ್ವೀಡನ್ ಒಂಟಿಯಾಯಿತು. ಸ್ವೀಡನ್‌ನ ಹಾಪರಾಂಡಾ ಮತ್ತು ಫಿನ್ಲೆಂಡ್‌ನ ಟೊರ್ನಿಯೊ ಅವಳಿ ಊರುಗಳು. ಒಂದೇ ಪೇಟೆ ಅನ್ನುವಷ್ಟು ಹತ್ತಿರ. ಅವುಗಳ ನಡುವೆ ಬೇಲಿ ಎದ್ದಿತು. ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇದ್ದವರು ಪರದಾಡಿದರು.

ಆ ಹೊತ್ತಲ್ಲಿ ಇನ್ನೊಂದು ವ್ಯತ್ಯಾಸವೂ ಕಣ್ಣಿಗೆ ಬಿತ್ತು. ಫಿನ್ಲೆಂಡ್ ಧಾನ್ಯ, ಇಂಧನ, ಔಷಧಿ, ಮಾಸ್ಕ್‌ಗಳ ತುರ್ತು ದಾಸ್ತಾನನ್ನು ಶೀತಲ ಸಮರ ಮುಗಿದ ಮೇಲೂ ಉಳಿಸಿಕೊಂಡಿತ್ತು. ಅದಕ್ಕೇ ಒಂದು ಸರ್ಕಾರಿ ಸಂಸ್ಥೆ ಇದೆ. ಸ್ವೀಡನ್ 'ಇನ್ನೇಕೆ ಬೇಕು' ಅಂತ ತನ್ನ ದಾಸ್ತಾನನ್ನು ಬಹುಮಟ್ಟಿಗೆ ಖಾಲಿ ಮಾಡಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪರಿಸ್ಥಿತಿ ಅದರದ್ದಾಯಿತು. ಈಗ ಅದೂ ಪಾಠ ಕಲಿತಿದೆ. ಯುದ್ಧ ಅಥವಾ ವಿಪತ್ತು ಬಂದರೆ ಏನು ಮಾಡಬೇಕು ಎಂಬ ಕೈಪಿಡಿಯನ್ನು 2024ರ ಕೊನೆಯಲ್ಲಿ ಮನೆಮನೆಗೂ ಅಂಚೆಯಲ್ಲಿ ಕಳಿಸಿತು.

ಪಾಸಾದ ಪರೀಕ್ಷೆಯನ್ನೂ ಹೇಳಬೇಕು. 2008ರಲ್ಲಿ ಐಸ್‌ಲ್ಯಾಂಡ್‌ನ ಬ್ಯಾಂಕುಗಳು ಮುಳುಗಿದಾಗ ನೆರೆಯ ನಾಲ್ಕು ದೇಶಗಳು ಐಎಂಎಫ್ ಜೊತೆ ಸೇರಿ ಸಾಲ ಕೊಟ್ಟವು. ತನ್ನದೇ ಸೈನ್ಯವಿಲ್ಲದ ಪುಟ್ಟ ಫ್ಯಾರೋ ದ್ವೀಪಗಳೂ ಕೈಲಾದಷ್ಟು ಕೊಟ್ಟವು. ಅದೇ ಹೊತ್ತಿಗೆ ಲಾಟ್ವಿಯಾ ಕುಸಿದಾಗಲೂ ನಾರ್ಡಿಕ್ ದೇಶಗಳು ನೆರವಿಗೆ ಬಂದವು. ಅದರಲ್ಲಿ ಸ್ವಾರ್ಥ ಇರಲಿಲ್ಲವೇ? ಇತ್ತು. ಲಾಟ್ವಿಯಾದಲ್ಲಿ ಸಾಲ ಹಂಚಿ ಕೂತಿದ್ದವು ಸ್ವೀಡನ್‌ನ ಬ್ಯಾಂಕುಗಳೇ. ಲಾಟ್ವಿಯಾದ ಸಾಮಾನ್ಯ ಜನ ಅದಕ್ಕೆ ಸಂಬಳ ಕಡಿತ, ನಿರುದ್ಯೋಗ, ವಲಸೆಯ ರೂಪದಲ್ಲಿ ಬೆಲೆ ತೆತ್ತರು.

ಬಿಲ್ ಯಾರ ಹೆಸರಿಗೆ?

ನನ್ನ ಮಟ್ಟಿಗೆ ಅಸಲಿ ರಾಜಕೀಯ ಇರೋದೇ ಇಲ್ಲಿ. ನಾರ್ವೆಯನ್ನೇ ನೋಡಿ. ಮೊದಲು ಅಲ್ಲಿ ಜಲವಿದ್ಯುತ್ ಅಗ್ಗ. 2021ರಲ್ಲಿ ಜರ್ಮನಿ ಮತ್ತು ಬ್ರಿಟನ್‌ಗೆ ತಲಾ 1,400 ಮೆಗಾವ್ಯಾಟ್‌ನ ಹೊಸ ಕೇಬಲ್‌ಗಳು ಬಂದ ಮೇಲೆ ದಕ್ಷಿಣ ನಾರ್ವೆಯ ದರ ಯುರೋಪಿನ ದರದ ಜೊತೆ ಏರತೊಡಗಿತು. ಜರ್ಮನಿಯಲ್ಲಿ ಗಾಳಿ ಬೀಸದಿದ್ದರೆ ನಾರ್ವೆಯ ಅಡುಗೆಮನೆಯಲ್ಲಿ ಬಿಲ್ ಏರುತ್ತೆ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದೇ ಸಿಟ್ಟು. 2025ರ ಜನವರಿ ಕೊನೆಯಲ್ಲಿ ಯುರೋಪಿನ ಇಂಧನ ನಿಯಮಗಳ ವಿಷಯಕ್ಕೇ ಅಲ್ಲಿನ ಸಮ್ಮಿಶ್ರ ಸರ್ಕಾರ ಮುರಿಯಿತು. ಆಮೇಲೆ ಸರ್ಕಾರ ಮನೆಗಳಿಗೆ ಸ್ಥಿರ ದರದ ಯೋಜನೆ ತರಬೇಕಾಯಿತು. ಇನ್ನೊಂದು ಬದಿಯೂ ಇದೆ. ರಷ್ಯಾದ ಗ್ಯಾಸ್ ನಿಂತ ಮೇಲೆ ಯುರೋಪಿಗೆ ಅತಿ ಹೆಚ್ಚು ಗ್ಯಾಸ್ ಮಾರಿ ಬೊಕ್ಕಸ ತುಂಬಿಸಿಕೊಂಡ ದೇಶವೂ ನಾರ್ವೆಯೇ.

ಡೆನ್ಮಾರ್ಕ್‌ನಲ್ಲಿ ರಕ್ಷಣಾ ವೆಚ್ಚಕ್ಕೆ ಹಣ ಹೊಂದಿಸಲು ಸರ್ಕಾರ ಶತಮಾನಗಳಿಂದ ಬಂದಿದ್ದ ಒಂದು ಹಬ್ಬದ ರಜೆಯನ್ನೇ 2024ರಿಂದ ರದ್ದು ಮಾಡಿತು. ಕಾರ್ಮಿಕ ಸಂಘಗಳು ಬೀದಿಗಿಳಿದವು. ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ನೆಲಬಾಂಬ್ ನಿಷೇಧ ಒಪ್ಪಂದದಿಂದ ಹೊರಬರಲು 2025ರಲ್ಲಿ ನಿರ್ಧರಿಸಿದವು. ಆ ಒಪ್ಪಂದಕ್ಕೆ ದುಡಿದ, ರಷ್ಯಾದ ಜೊತೆ ತಾನೂ ಗಡಿ ಹಂಚಿಕೊಂಡಿರುವ ನಾರ್ವೆ ಒಳಗೇ ಉಳಿಯಿತು. ಎಸ್ಟೋನಿಯಾ ಅದೇ ವರ್ಷ ಸಂವಿಧಾನ ತಿದ್ದಿ, ತನ್ನಲ್ಲಿ ನೆಲೆಸಿರುವ ರಷ್ಯಾದ ಪೌರರ ಸ್ಥಳೀಯ ಚುನಾವಣೆಯ ಮತದ ಹಕ್ಕನ್ನು ತೆಗೆಯಿತು. ಭದ್ರತೆಯ ಹೆಸರಲ್ಲಿ ಯಾರ ಹಕ್ಕು ಮೊದಲು ಹೋಗುತ್ತೆ ಅನ್ನೋದನ್ನು ಎಲ್ಲ ದೇಶಗಳಲ್ಲೂ ಕೇಳಲೇಬೇಕು, ಸಣ್ಣ ದೇಶ, ನಿಜವಾದ ಭಯ ಅಂತ ವಿನಾಯಿತಿ ಕೊಡೋಕಾಗಲ್ಲ.

ಹಾಗಾದರೆ ಇವರಿಂದ ಕಲಿಯೋದೇನು? ಮೊದಲನೆಯದು, ಇವರು ಎಲ್ಲ ಭಿನ್ನಾಭಿಪ್ರಾಯ ತೀರಲಿ ಅಂತ ಕಾಯಲಿಲ್ಲ. ಸೈನ್ಯದಲ್ಲಿ ಬೇರೆ, ಹಣದಲ್ಲಿ ಬೇರೆ ಇದ್ದಾಗಲೇ ತಂತಿ ಎಳೆದರು. ಎರಡನೆಯದು, ಕಷ್ಟ ಬರುವ ಮುಂಚೆಯೇ ಖರ್ಚು ಮಾಡಿದರು, ಆಗ ಅದು ದಂಡದ ಖರ್ಚು ಅನ್ನಿಸಿತ್ತು. ಮೂರನೆಯದು, ಖರ್ಚಿನ ಹೊರೆ ನ್ಯಾಯವಾಗಿ ಹಂಚಿಕೆಯಾಗದೇ ಇದ್ದಲ್ಲೆಲ್ಲ ಒಗ್ಗಟ್ಟು ಸಡಿಲವಾಯಿತು.

ಈ ಮೂರನೆಯದನ್ನೇ ನಾಯಕರು ಮರೆಯೋದು. ನೆರೆಯ ದೇಶದ ಮೇಲಿನ ಪ್ರೀತಿಯನ್ನು ಭಾಷಣದಲ್ಲಿ ಕೇಳಿ ಜನ ಚಪ್ಪಾಳೆ ಹೊಡೀತಾರೆ. ತಿಂಗಳ ಕೊನೆಗೆ ಬಿಲ್ ನೋಡಿ ಮತ ಹಾಕ್ತಾರೆ. ಬಾಲ್ಟಿಕ್ ಕಡಲಿನ ಕೇಬಲ್‌ಗಳಿಗೆ ಹಡಗಿನ ಲಂಗರು ಎಷ್ಟು ಅಪಾಯವೋ, ತನಗೆ ಮೋಸ ಆಗಿದೆ ಅಂತ ನೊಂದ ಮತದಾರನ ಸಿಟ್ಟೂ ಅಷ್ಟೇ ಅಪಾಯ. ಲಂಗರಿಗೆ ಕಾವಲು ಹಾಕಬಹುದು. ಸಿಟ್ಟಿಗೆ ನ್ಯಾಯವೇ ಬೇಕು.